ಮಲ್ಲಿಗೆ ವಾಸನೆಯ ಕರಿಕೋಟು

ಆಳಂದದ ಕೋರ್ಟಿನ ಆವರಣದಲ್ಲಿ ಕರಿಕೋಟುಗಳಿಗೇನೂ ಬರವಿಲ್ಲ. ಬೇವಿನ ಮರದ ಕೆಳಗೆ, ಚಹಾದಂಗಡಿಯ ಬೆಂಚಿನ ಮೇಲೆ, ಟೈಪು ಮಾಡುವವನ ಮೇಜಿನ ಸುತ್ತ, ಎಲ್ಲಿ ನೋಡಿದರೂ ಅವೇ. ಬಿಸಿಲಿಗೆ ಕಾದು, ಬೆವರಿಗೆ ನೆನೆದು, ಹಳೆಯ ಕಾಗದಗಳ ಧೂಳು ಕುಡಿದು, ಅವೆಲ್ಲಕ್ಕೂ ಒಂದೇ ಬಗೆಯ ವಾಸನೆ ಹತ್ತಿರುತ್ತದೆ. ಅವುಗಳ ನಡುವೆ ಒಂದೇ ಒಂದು ಕೋಟು ಮಾತ್ರ ಮಲ್ಲಿಗೆಯ ಪರಿಮಳ ಬೀರುತ್ತಿತ್ತು. ಅದು ಶ್ರೀರಂಗರಾಯ ವಕೀಲರದು. ಸೋಲಾಪುರದ ಮುಂಜಾನೆಯ ಬಸ್ಸಿಗೆ ಬಂದಿಳಿಯುವ ಮಲ್ಲಿಗೆ ಸಂಜೆಯವರೆಗೆ ಉಳಿಯುವುದಿಲ್ಲವೆಂದು ಅವರು ಮಧ್ಯಾಹ್ನದ ಬಿಡುವಿನಲ್ಲೇ ಬಸ್ ನಿಲ್ದಾಣದ ಮೆಹಬೂಬನ ಹತ್ತಿರ ಹೋಗಿ, ಮುತ್ತಲದ ಎಲೆಯಲ್ಲಿ ಸುತ್ತಿಸಿದ ಮಾಲೆಯೊಂದನ್ನು ಎಡಗಡೆಯ ಜೇಬಿಗಿಳಿಸಿ, ಆಮೇಲೆಯೇ ಮಧ್ಯಾಹ್ನದ ಕಲಾಪಕ್ಕೆ ನಿಲ್ಲುವರು. ವಕೀಲಿಕೆ ಶುರುವಾದಾಗಿನಿಂದಲೂ ನಡೆದುಬಂದ ಪದ್ಧತಿಯಿದು. ಕೋಟುಗಳು ಸವೆದು ಬದಲಾದವೇ ಹೊರತು ಎಡಜೇಬಿನ ವಾಸನೆ ಬದಲಾಗಲಿಲ್ಲ.

ಜೇಬಿನಲ್ಲಿದ್ದುದು ನಲುಗಬಾರದಲ್ಲ, ಹಾಗಾಗಿ ಅವರ ನಡಿಗೆಯೇ ಬೇರೆಯಾಗಿತ್ತು. ಎಡಭುಜವನ್ನು ತುಸು ಇಳಿಬಿಟ್ಟು, ಅಂಗೈಯನ್ನು ಜೇಬಿನ ಮೇಲೆ ಮರೆಮಾಡಿ, ಜನರ ನಡುವೆ ಹಾಯುವಾಗ ಬಲಮಗ್ಗುಲನ್ನೇ ಮುಂದೊತ್ತಿಕೊಂಡು ಓರೆಯಾಗಿ ನಡೆಯುವ ಅವರನ್ನು ಕಂಡು, ಹೊಸ ಕಕ್ಷಿದಾರರು ವಕೀಲರಿಗೆ ಲಕ್ವ ಹೊಡೆದಿದೆಯೇನೋ ಎಂದು ಗುಮಾಸ್ತರನ್ನು ಕೇಳಿದ್ದುಂಟು. ಎದುರು ಪಕ್ಷದವರಿಗೆ ಬೇರೆಯೇ ಅನುಮಾನ; ಯಾವುದೋ ಮಹತ್ವದ ಕಾಗದವನ್ನು ಕೊನೆಯ ಗಳಿಗೆಗೆ ಹೊರತೆಗೆಯಲು ಬಚ್ಚಿಟ್ಟುಕೊಂಡಿದ್ದಾರೆ ಎಂದು. ಒಮ್ಮೆ ಹೊಸದಾಗಿ ಬಂದ ನ್ಯಾಯಾಧೀಶರೇ ತಾಳಲಾರದೆ ಜೇಬಿನಲ್ಲೇನಿದೆ ಎಂದು ಕೇಳಿದಾಗ, ರಾಯರು ಕಣ್ಣು ಮಿಟುಕಿಸದೆ ಹೇಳಿದರಂತೆ: “ಮನಿಗೆ ಸಲ್ಲಿಸೋ ಅರ್ಜಿ ಅದರಿ, ಸ್ವಾಮಿ. ಇಲ್ಲಿ ನಡಿಯೂದಿಲ್ಲ.”

ಮಾತಿನಲ್ಲಿ ಅವರು ಜಿಪುಣರಲ್ಲ, ಆದರೆ ಮಾತಿಗೆಲ್ಲ ಪ್ರಶ್ನೆಯ ಅಂಗಿಯನ್ನೇ ತೊಡಿಸುವರು. “ನನ್ನ ಪ್ರಶ್ನೆ ಇಷ್ಟ ಅದ” ಎಂದು ಗಂಟಲು ಸರಿಪಡಿಸಿಕೊಂಡರೆಂದರೆ ಸಾಕ್ಷಿಯ ಕಟಕಟೆಯಲ್ಲಿದ್ದವನು ಅದರ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ, “ನನ್ನ ಪ್ರಶ್ನೆ ಇಷ್ಟ ಅದ, ಇದಕ್ಕ ಉಪ್ಪು ಬಿದ್ದದೋ ಇಲ್ಲೋ?” ಹೆಂಡತಿ ಶಾರದಾಬಾಯಿ ಉಪ್ಪಿನ ಬಟ್ಟಲನ್ನು ಮುಂದೆ ತಳ್ಳುವರು, ವಿಚಾರಣೆ ಅಲ್ಲಿಗೆ ಮುಗಿಯಿತು.

ಆ ಹೆಂಡತಿಯನ್ನು ಅವರು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆಯ ಹಳೆಯ ಗಂಡಸರಂತೆ ಮಗಳ ಹೆಸರಿನಿಂದಲೇ ಕರೆಯುವರು. “ಅನೂ” ಎಂದು ಪಡಸಾಲೆಯಿಂದ ಕೂಗಿದರೆ ಒಳಗಿನಿಂದ ಬರುವವರು ಶಾರದಾಬಾಯಿ. ಮಗಳು ಅನುಜಾ ಮದುವೆಯಾಗಿ ಜೇವರ್ಗಿ ಸೇರಿ, ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸತೊಡಗಿ ವರ್ಷಗಳೇ ಕಳೆದರೂ ಆಳಂದದ ಮನೆಯಲ್ಲಿ ಅವಳ ಹೆಸರು ದಿನವೂ ಮೊಳಗುತ್ತಿತ್ತು, ದಿನವೂ ತಾಯಿಯೇ ಓಗೊಡುತ್ತಿದ್ದರು.

ಹೂವನ್ನೂ ಅವರು ಕೈಯಲ್ಲಿ ಕೊಟ್ಟವರಲ್ಲ. ತಲೆಬಾಗಿಲ ಪಕ್ಕದ ಗೋಡೆಯಲ್ಲಿ ಹಿಂದಿನವರು ದೀಪಕ್ಕೆಂದು ಬಿಟ್ಟ ಒಂದು ಮಾಡವಿದೆ. ಸಂಜೆ ಚಪ್ಪಲಿ ಕಳಚುವ ಮೊದಲೇ ಎಲೆಯ ಪೊಟ್ಟಣವನ್ನು ಅದರೊಳಗಿಟ್ಟು, ಏನೂ ನಡೆಯದವರಂತೆ ಬಚ್ಚಲಿಗೆ ಹೋಗುವರು. ಮುಖ ತೊಳೆದು ಬರುವಷ್ಟರಲ್ಲಿ ಪೊಟ್ಟಣ ಬಿಚ್ಚಿರುತ್ತಿತ್ತು, ಮಾಲೆ ಶಾರದಾಬಾಯಿಯ ತುರುಬಿನಲ್ಲಿರುತ್ತಿತ್ತು. ಬೆಳಿಗ್ಗೆ ಜಗಳವಾಗಿದ್ದರೆ ಅಂದಿನ ಮಾಲೆ ಒಂದು ಗೇಣು ಹೆಚ್ಚು ಉದ್ದವಿರುವುದು. ಜಗಳ ದೊಡ್ಡದಾಗಿದ್ದರೆ ಪೊಟ್ಟಣ ಊಟ ಮುಗಿಯುವವರೆಗೂ ಮಾಡದಲ್ಲೇ ಕೂತಿರುವುದು, ರಾಯರು ಅದರ ಕಡೆ ಓರೆಗಣ್ಣಿನಿಂದ ನೋಡುತ್ತ ಅನ್ನ ಕಲಸುವರು. ಅಫಜಲಪುರದ ಕೋರ್ಟಿಗೆ ಹೋದ ದಿನ ಅಲ್ಲಿ ಮಲ್ಲಿಗೆ ಸಿಗದೆ, ಅಬ್ಬಲಿಗೆಗಾಗಿ ಓಣಿ ಓಣಿ ಅಲೆದು, ಕೊನೆಯ ಬಸ್ಸು ತಪ್ಪಿಸಿಕೊಂಡು ಜೋಳದ ಮೂಟೆ ತುಂಬಿದ ಲಾರಿಯಲ್ಲಿ ಕೋಟಿನ ಸಮೇತ ಬಂದಿಳಿದದ್ದನ್ನು ಅವರ ಗೆಳೆಯರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಪ್ರೀತಿ ಎಂಬ ಶಬ್ದವನ್ನು ಆ ಮನುಷ್ಯ ಯಾವತ್ತೂ ಉಚ್ಚರಿಸಿದ್ದಿಲ್ಲ. ಉಚ್ಚರಿಸಿದ್ದರೆ, ಗಂಡನಿಗೆ ಜ್ವರ ಬಂದಿದೆಯೇನೋ ಎಂದು ಶಾರದಾಬಾಯಿ ಹಣೆ ಮುಟ್ಟಿ ನೋಡುತ್ತಿದ್ದರು.

ಕಳೆದ ವರ್ಷ ಶಾರದಾಬಾಯಿಗೆ ದೊಡ್ಡ ಕಾಯಿಲೆ ಬಂತು. ಸೋಲಾಪುರದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆದು, ದೇವರ ದಯೆ, ರೋಗ ಹಿಮ್ಮೆಟ್ಟಿತು. ಆದರೆ ಔಷಧದ ಉರಿಗೆ ತಲೆಗೂದಲೆಲ್ಲ ಹೋಯಿತು. ನೋಡಲು ಬಂದ ಹೆಂಗಸರು ಕೂದಲು ಮತ್ತೆ ಬರುತ್ತದೆ, ಚಿಂತೆ ಬೇಡ ಎಂದು ಸಮಾಧಾನ ಹೇಳುತ್ತ ಹೇಳುತ್ತ ತಲೆ ಮುಚ್ಚಿದ ಸೆರಗಿನ ಅಂಚನ್ನೇ ನೋಡುತ್ತಿದ್ದುದನ್ನು ಕಂಡು, ಶಾರದಾಬಾಯಿ ಪಡಸಾಲೆಗೆ ಬರುವುದನ್ನೇ ನಿಲ್ಲಿಸಿದರು. ಸೆರಗನ್ನು ಕಿವಿಯ ಹಿಂದೆ ಬಿಗಿದು ಸಿಕ್ಕಿಸಿ, ಗಂಡನ ಎದುರಿಗೂ ತಲೆ ತೆರೆಯದೆ, ಅಡುಗೆಮನೆ ಮತ್ತು ಮಲಗುವ ಕೋಣೆಯ ನಡುವೆಯೇ ಓಡಾಡಿಕೊಂಡಿದ್ದರು. ಆಸ್ಪತ್ರೆಯಿಂದ ಮರಳಿದ ಮೇಲೆ ಮೊದಲ ಸಂಜೆ ರಾಯರು ಎಂದಿನಂತೆ ಪೊಟ್ಟಣವನ್ನು ಮಾಡದಲ್ಲಿಟ್ಟರು. ಮುಖ ತೊಳೆದು ಬಂದರು. ಪೊಟ್ಟಣ ಹಾಗೇ ಇತ್ತು. ಬಾಗಿಲ ಮರೆಯಿಂದ ಶಾರದಾಬಾಯಿಯ ದನಿ ಮಾತ್ರ ಬಂತು.

“ಇನ್ನ ಮ್ಯಾಲ ಹೂ ತರಬ್ಯಾಡ್ರಿ.”

ಅಷ್ಟೇ. ಅಳುವಿಲ್ಲ, ಸಿಟ್ಟಿಲ್ಲ. ರಾಯರಿಗೆ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದೇ ತಿಳಿಯಲಿಲ್ಲ. ಹೂವಿಲ್ಲದೆ ಆ ಮನೆಯ ಹೊಸ್ತಿಲು ದಾಟುವ ರೂಢಿ ಅವರಿಗಿರಲಿಲ್ಲ. ಸಂಜೆ ಬಾಗಿಲಿಗೆ ಬಂದರೆ ಎಡಗೈ ತಾನಾಗಿ ಜೇಬಿಗೆ ಹೋಗುವುದು, ಬರಿಗೈ ಆಗಿ ಹೊರಬರುವುದು. ಒಳಗೆ ಬಂದು ಖಾಲಿ ಮಾಡದ ಮುಂದೆ ನಿಂತು, ತಾನು ಯಾರ ಮನೆಗೆ ಬಂದಿದ್ದೇನೆ ಎನ್ನುವಂತೆ ಸುತ್ತ ನೋಡುವರು. “ಅನೂ” ಎಂದು ಕರೆದರೆ ಒಳಗಿನಿಂದ ಹೂಂಕಾರ ಬರುತ್ತಿತ್ತು, ಹೆಂಡತಿ ಬರುತ್ತಿರಲಿಲ್ಲ. ಹೂವಿನ ಜೊತೆಗೆ ಇಬ್ಬರ ನಡುವಿನ ಮಾತೂ ಕಡಿದುಹೋಗಿತ್ತು. ಏನಾದರೂ ಕೇಳೋಣವೆಂದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಿದ್ದರೂ ಸುಮ್ಮನೆ ಉಣ್ಣುವರು.

ಮೆಹಬೂಬನಿಗಂತೂ ವಿಷಯ ಹೇಳಲು ಬಾಯಿ ಬರಲಿಲ್ಲ. ಅವನು ಎಂದಿನಂತೆ ಪೊಟ್ಟಣ ಕಟ್ಟಿಟ್ಟಿರುವನು, ಇವರು ಎಂದಿನಂತೆ ಜೇಬಿಗಿಳಿಸುವರು. ಸಂಜೆ ದಾರಿಯಲ್ಲಿ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಅದನ್ನಿಟ್ಟು ಕಳ್ಳನಂತೆ ಸರಿದುಹೋಗುವರು. ಬ್ರಹ್ಮಚಾರಿ ದೇವರಿಗೆ ದಿನವೂ ಹೆಂಗಸರು ಮುಡಿಯುವ ಮಾಲೆ ಬರುತ್ತಿರುವುದನ್ನು ಕಂಡು ಪೂಜಾರಿಗೂ ಗಲಿಬಿಲಿಯಾಗಿರಬೇಕು. ರಾಯರ ಗಲಿಬಿಲಿ ಅದಕ್ಕಿಂತ ದೊಡ್ಡದಿತ್ತು.

ಹೀಗಿರುವಾಗ ಕಲಬುರಗಿಯಲ್ಲಿ ಹಿರಿಯ ವಕೀಲರೊಬ್ಬರ ಮನೆಗೆ ಹೋಗಿದ್ದವರು, ಅಲ್ಲಿ ಮೇಜಿನ ಮೇಲೊಂದು ಹೂದಾನಿಯಲ್ಲಿ ನಾಲ್ಕಾರು ಹೂಗಳು ನೆಟ್ಟಗೆ ನಿಂತಿದ್ದನ್ನು ಕಂಡರು. ಅವು ದೇವರಿಗಲ್ಲ, ಮುಡಿಗಲ್ಲ, ಯಾರ ಕೊರಳಿಗೂ ಅಲ್ಲ, ಸುಮ್ಮನೆ ನಿಂತಿದ್ದವು. ರಾಯರು ಮಾತಿನ ನಡುವೆ ಅವುಗಳನ್ನೇ ನೋಡುತ್ತ ಕೂತರು. ತಲೆಗೂದಲಿನ ಹಂಗಿಲ್ಲದ ಹೂವೂ ಒಂದುಂಟು ಎಂಬುದು ಅವರಿಗೆ ಅಂದು ಹೊಳೆಯಿತು. ಬಸ್ಸಿನಿಂದಲೇ ಮಗಳಿಗೆ ಫೋನು ಮಾಡಿ, ಮನೆಯೊಳಗೆ ಹಾಗೆ ಹೂ ನಿಲ್ಲಿಸಲು ಏನೇನು ಸಾಮಾನು ಬೇಕು ಎಂದು ಕೇಳಿದರು. ಯಾಕೆ ಎಂದು ಅನುಜಾ ಕೇಳಿದ್ದಕ್ಕೆ ಅದೊಂದು ಕೇಸಿನ ಸಂಬಂಧ ಎಂದರು. ಅವಳು ಅಪ್ಪನ ಸುಳ್ಳನ್ನು ಚೆನ್ನಾಗಿ ಬಲ್ಲವಳು. ಮರುಮಾತಿಲ್ಲದೆ, ಹೊಸಬರು ಹೂ ಜೋಡಿಸಲು ಕಲಿಯುವ ಸಾಮಾನಿನ ಡಬ್ಬಿಯೊಂದನ್ನು ಮೊಬೈಲಿನಲ್ಲೇ ತರಿಸಿದಳು. ವಿಳಾಸ ಮಾತ್ರ ಮನೆಯದಲ್ಲ, ವಕೀಲರ ಸಂಘದ್ದು.

ಆ ಡಬ್ಬಿ ಸಂಘದ ಕೋಣೆಯಲ್ಲಿ ತೆರೆದ ಮಧ್ಯಾಹ್ನ ಆಳಂದದ ನ್ಯಾಯಾಂಗಕ್ಕೆ ವಿಶ್ರಾಂತಿ. ಮೊದಲು ಹೊರಬಂದದ್ದು ಅಂಗೈಯಗಲದ ತೂಕದ ಹಿತ್ತಾಳೆ ಬಿಲ್ಲೆ, ಅದರ ಮೈತುಂಬ ಮೊಳೆಯಂಥ ಮುಳ್ಳು. ಒಬ್ಬರು ಅದನ್ನು ಊದಿನಕಡ್ಡಿ ಚುಚ್ಚುವುದೆಂದರು, ಇನ್ನೊಬ್ಬರು ಹಿಮ್ಮಡಿ ತಿಕ್ಕುವುದೆಂದು ಪಟ್ಟು ಹಿಡಿದರು. ಆಮೇಲೆ ಗಿಡ್ಡ ಮೂತಿಯ ಕತ್ತರಿ, ಗುಲಾಬಿಯ ಮುಳ್ಳು ಸವರುವ ಚಿಮಟ, ಹಸಿರು ತಂತಿಯ ಸುರುಳಿ, ಒಂದು ಅಗಲ ಬಾಯಿಯ ಬಿಳಿ ಬಟ್ಟಲು, ಬೆರಳು ಒತ್ತಿದರೆ ಕುಳಿ ಬೀಳುವ ಹಗುರವಾದ ಎರಡು ಹಸಿರು ಇಟ್ಟಿಗೆ. ಕೊನೆಗೆ ಒಂದು ಹಸಿರು ಟೇಪು, ಎಷ್ಟು ಒತ್ತಿದರೂ ಯಾವುದಕ್ಕೂ ಅಂಟದು. ಮೋಸ ಹೋದಿರಿ, ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಣ ಎಂದು ಎಲ್ಲರೂ ಹುರುಪುಗೊಂಡರು. ರಾಯರು ಮಾತ್ರ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ತಿರುವಿ ನೋಡಿ, ಎಡಜೇಬಿನಲ್ಲಿ ಹಿಡಿಸಿದಷ್ಟನ್ನು ತುರುಕಿಕೊಂಡು, ಉಳಿದದ್ದನ್ನು ಡಬ್ಬಿಯ ಸಮೇತ ಕಂಕುಳಲ್ಲಿಟ್ಟು ಎದ್ದರು. ಹಿತ್ತಾಳೆ ಬಿಲ್ಲೆಯ ಭಾರಕ್ಕೆ ಅವರ ಎಡಭುಜ ಇನ್ನಷ್ಟು ಇಳಿಯಿತು.

ಸಾಮಾನೆಲ್ಲ ಇತ್ತು; ಹೂವಿರಲಿಲ್ಲ. ಅಂದರೆ ಹೂವಿತ್ತು, ಅದಕ್ಕೆ ದಂಟಿರಲಿಲ್ಲ. ಮೆಹಬೂಬನ ಬುಟ್ಟಿಯಲ್ಲಿ ಸೇವಂತಿ, ಚೆಂಡುಹೂ, ಗುಲಾಬಿ, ಎಲ್ಲವೂ ಕೊರಳು ಕೊಯ್ದ ತಲೆಗಳೇ. ನಮ್ಮ ಕಡೆ ಹೂವೆಂದರೆ ದಾರಕ್ಕೆ ಪೋಣಿಸುವುದು, ದಂಟೆಂದರೆ ಗಿಡಕ್ಕೇ ಬಿಟ್ಟು ಬರುವುದು. ಇಷ್ಟು ವರ್ಷ ದಿನವೂ ಹೂ ಕೊಂಡವರು ತಾವು, ಒಂದು ದಿನವೂ ಹೂವಿನ ಕೆಳಗೇನಿತ್ತೆಂದು ಯೋಚಿಸಿರಲಿಲ್ಲವಲ್ಲ ಎಂದು ರಾಯರಿಗೆ ಬುಟ್ಟಿಯ ಮುಂದೆ ನಿಂತು ದಿಗಿಲಾಯಿತು. ದಂಟಿನ ಹೂ ಬೇಕೆಂದಾಗ ಮೆಹಬೂಬ ತಕ್ಕಡಿ ಕೆಳಗಿಟ್ಟ.

“ದಂಟು ಯಾರಿಗಿ ಬೇಕ್ರಿ, ಸಾಹೇಬ್ರ? ಮನ್ಯಾಗಿನ ಬಾಯಾರಿಗೇನ್ರಿ?”

ರಾಯರು ಎಂದಿನ ಪೊಟ್ಟಣವನ್ನೇ ಜೇಬಿಗಿಳಿಸಿ ಬಂದುಬಿಟ್ಟರು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ ಹೂವಿನ ತೋಟ ಮಾಡುವ ಚಂದ್ರಾಮ ಎಂಬ ಕಕ್ಷಿದಾರನೊಬ್ಬನಿದ್ದ. ಅವನಿಗೆ, ದಂಟು ಸಮೇತ ಸ್ವಲ್ಪ ಸೇವಂತಿ, ಸ್ವಲ್ಪ ನಿಶಿಗಂಧ ತಂದುಕೊಡು ಎಂದು ಹೇಳಿಕಳಿಸಿದರು. ಮುಂದಿನ ತಾರೀಖಿಗೆ ಚಂದ್ರಾಮ ಒಂದು ಗೋಣಿಚೀಲವನ್ನು ಬೆನ್ನಮೇಲೆ ಹೊತ್ತು ಬಂದ. ಬಿಚ್ಚಿದರೆ ಸೇವಂತಿ, ನಿಶಿಗಂಧದ ಗಿಡಗಳೇ, ಬೇರು, ಮಣ್ಣು, ಒಂದೆರಡು ಎರೆಹುಳುವಿನ ಸಮೇತ. ವಕೀಲರು ಬಾಯಿಬಿಟ್ಟು ಕೇಳಿದ್ದಾರೆ, ದಂಟೆಂದರೆ ದಂಟಷ್ಟೇ ಹೇಗೆ ಕೊಡುವುದು ಎಂಬುದು ಅವನ ಔದಾರ್ಯ. ರಾಯರು ಅವನನ್ನು ಬೈಯಲೂ ಆಗದೆ, ನಗಲೂ ಆಗದೆ, ಆ ಚೀಲವನ್ನು ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದರು.

ಪಡಸಾಲೆಗೆ ಹತ್ತಿದ ಕಚೇರಿ ಕೋಣೆಯ ಬಾಗಿಲು ಹಾಕಿಕೊಂಡು ಅಂದು ಸಂಜೆ ಅವರು ಕೆಲಸಕ್ಕೆ ಕೂತರು. ಕತ್ತರಿಯಿಂದ ದಂಟುಗಳನ್ನು ಕತ್ತರಿಸಿದರು. ಟೇಪು ಅಂಟದ್ದಕ್ಕೆ ಕಡತ ಕಟ್ಟುವ ಕೆಂಪು ದಾರ ಬಳಸಿದರು. ಹಿತ್ತಾಳೆ ಬಿಲ್ಲೆ ಒಂದೆರಡು ಬಾರಿ ಬೆರಳಿಗೆ ಚುಚ್ಚಿದ ಮೇಲೆ ಅದನ್ನು ಗೌರವದಿಂದ ಪಕ್ಕಕ್ಕಿಟ್ಟು ಹಸಿರು ಇಟ್ಟಿಗೆಯನ್ನೆತ್ತಿಕೊಂಡರು. ಅದು ನೀರು ಕುಡಿಯಬೇಕೆಂದು ಡಬ್ಬಿಯ ಮೇಲಿನ ಚಿತ್ರದಲ್ಲಿತ್ತು. ಬಕೀಟಿನಲ್ಲಿ ಹಾಕಿದರೆ ತೇಲುತ್ತ ಕೂತಿತು. ಎದುರಾಡುವ ಸಾಕ್ಷಿಯನ್ನು ಸಹಿಸಿದವರಲ್ಲ ಅವರು. ಎರಡೂ ಅಂಗೈಯಿಂದ ಅದುಮಿ ತಳಕ್ಕೆ ಒತ್ತಿ ಹಿಡಿದರು. ಗುಳುಗುಳು ಸದ್ದು ನಿಂತ ಮೇಲೆ ಹೊರತೆಗೆದು ಬಿಳಿ ಬಟ್ಟಲಿನಲ್ಲಿ ಕೂರಿಸಿ, ಒಂದೊಂದಾಗಿ ಸೇವಂತಿ ಚುಚ್ಚಿದರು, ನಡುವೆ ನಿಶಿಗಂಧದ ಉದ್ದ ಬಿಳಿ ಗೊಂಚಲು ನಿಲ್ಲಿಸಿದರು. ಗಾಳಿ ನುಗ್ಗಿದ ಜೋಳದ ಹೊಲದಂತೆ ಎಲ್ಲವೂ ಒಂದೇ ಕಡೆ ವಾಲಿದ್ದವು. ಆದರೂ ಹೂವೇ. ಅದನ್ನೆತ್ತಿ ತಂದು ಬಾಗಿಲ ಪಕ್ಕದ ಮಾಡದ ಕೆಳಗೆ ಒಂದು ಸ್ಟೂಲಿನ ಮೇಲಿಟ್ಟು, “ಅನೂ” ಎಂದು ಕರೆದರು.

ಒಳಗಿನಿಂದ ಹೂಂಕಾರ ಬಂತು. ತಟ್ಟೆ ಹಾಕಿದ್ದೇನೆ, ಬಂದು ಉಣ್ಣಿರಿ ಎಂಬ ಮಾತೂ ಬಂತು. ಹೆಂಡತಿ ಬರಲಿಲ್ಲ. ರಾಯರು ಉಂಡರು. ಹೂವಿನ ವಿಷಯ ಎತ್ತಲು ಬಾಯಿ ತೆರೆದು, ಅನ್ನವನ್ನೇ ಇಟ್ಟುಕೊಂಡರು.

ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಹೂಗಳು ಕತ್ತು ಚೆಲ್ಲಿ ಬಟ್ಟಲಿನ ಅಂಚಿಗೆ ಬಿದ್ದಿದ್ದವು. ರಾಯರು ಸ್ನಾನ ಮಾಡಿದರು, ಕೋಟು ತೊಟ್ಟರು, ಹೊರಡಲೆಂದು ಬಾಗಿಲವರೆಗೆ ಬಂದು ಅಲ್ಲೇ ನೆಲದ ಮೇಲೆ ಸ್ಟೂಲಿನ ಮುಂದೆ ಕೂತುಬಿಟ್ಟರು. ಎಲ್ಲಿ ತಪ್ಪಿತೆಂದು ತಿಳಿಯಲಿಲ್ಲ. ಸಾಮಾನಿತ್ತು, ದಂಟಿತ್ತು, ನೀರಿತ್ತು, ತನ್ನ ಕೈಯೂ ಇತ್ತು. ಬಹುಶಃ ಈ ಮನೆಯಲ್ಲಿ ಇನ್ನು ಹೂ ನಿಲ್ಲುವುದಿಲ್ಲವೇನೋ ಎಂದು ಅನಿಸಿದಾಗ ಆ ಗಟ್ಟಿ ಮನುಷ್ಯನ ಕಣ್ಣು ತುಂಬಿದವು. ಕೋರ್ಟಿನ ಹೊತ್ತಾಯಿತು, ಹೊತ್ತು ಮೀರಿತು, ಅವರು ಏಳಲಿಲ್ಲ.

ಕೋರ್ಟಿಗೆ ಯಾವತ್ತೂ ತಡವಾಗಿ ಹೋದವರಲ್ಲ. ಚಪ್ಪಲಿಯ ಸದ್ದು ಕೇಳಿಸಲಿಲ್ಲವೆಂದು ಶಾರದಾಬಾಯಿ ಅಡುಗೆಮನೆಯಿಂದ ಒಮ್ಮೆ ಕೂಗಿ ಕೇಳಿದರು. ಮತ್ತೊಮ್ಮೆ ಕೂಗಿದರು. ಆಗ, ತಿಂಗಳುಗಳ ಮೇಲೆ, ಸೆರಗನ್ನು ಬಿಗಿ ಹಿಡಿದುಕೊಂಡು ಅವರು ಪಡಸಾಲೆಗೆ ಬಂದರು. ಕರಿಕೋಟು ತೊಟ್ಟ ಗಂಡ ನೆಲದ ಮೇಲೆ, ಎದುರಿಗೆ ಬಾಡಿದ ಹೂವಿನ ರಾಶಿ, ಸುತ್ತ ಕಚೇರಿ ಕೋಣೆಯಿಂದ ತಂದು ಹರಡಿಕೊಂಡ ತಂತಿ, ಕತ್ತರಿ, ಮುಳ್ಳಿನ ಬಿಲ್ಲೆ, ಗೋಣಿಯಿಂದ ಚೆಲ್ಲಿದ ಮಣ್ಣು. ಅವರು ಗೋಡೆ ಹಿಡಿದು ಮೆಲ್ಲಗೆ ಕೂತು, ಒಂದು ಸೇವಂತಿಯನ್ನು ಕಿತ್ತು ದಂಟಿನ ತುದಿ ಮುಟ್ಟಿದರು. ಒಣಗಿತ್ತು. ಇಟ್ಟಿಗೆಯನ್ನು ಮುರಿದರು. ಹೊರಗೆಲ್ಲ ಒದ್ದೆ, ಒಳಗೆ ಹಿಟ್ಟಿನಂಥ ಒಣಪುಡಿ.

ಇಬ್ಬರಿಗೂ ಅದೇನೆಂದು ಅರ್ಥವಾಗದೆ ಜೇವರ್ಗಿಗೆ ಫೋನು ಹಚ್ಚಿದರು. ಅಪ್ಪ ಅವ್ವನ ದನಿ ಒಟ್ಟಿಗೆ ಕೇಳಿ ಅನುಜಾ ಇಬ್ಬರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದಳು. ಆಮೇಲೆ ಹೇಳಿದಳು.

“ಒತ್ತಿ ಮುಳುಗಿಸಬಾರದಪ್ಪಾ. ಒತ್ತಿದರ ಒಳಗ ಗಾಳಿ ಸಿಕ್ಕೊಂಡು ನೀರು ಹೋಗೂದೇ ಇಲ್ಲ. ನೀರಿನ ಮ್ಯಾಲ ಇಟ್ಟು ಕೈ ಬಿಟ್ಟುಬಿಡ್ರಿ. ತಾನ ಕುಡದು ತಾನ ಕೆಳಗ ಇಳೀತದ.”

ಟೇಪನ್ನು ಎಳೆದು ಸುತ್ತಿದರೆ ಮಾತ್ರ ಅಂಟುತ್ತದೆ ಎಂಬುದನ್ನೂ ಹೇಳಿದಳು. ಎರಡನೆಯ ಇಟ್ಟಿಗೆಯನ್ನು ಬಕೀಟಿನ ನೀರಿನ ಮೇಲಿಟ್ಟು ಇಬ್ಬರೂ ಬಗ್ಗಿ ನೋಡುತ್ತ ಕೂತರು. ರಾಯರ ಕೈ ಎರಡು ಸಲ ಅದುಮಲು ಮುಂದೆ ಹೋಯಿತು. ಎರಡು ಸಲವೂ ಶಾರದಾಬಾಯಿ ಅದನ್ನು ಸರಿಸಿದರು. ಇಟ್ಟಿಗೆ ಅಂಚಿನಿಂದ ಬಣ್ಣ ಕಪ್ಪಾಗುತ್ತ, ಯಾರಿಗೂ ಹೇಳದೆ ಕೇಳದೆ, ಮೆಲ್ಲಗೆ ಕೆಳಗಿಳಿಯಿತು. ಗೋಣಿಯಲ್ಲಿ ಉಳಿದಿದ್ದ ಗಿಡಗಳನ್ನು ಎಳೆದುಕೊಂಡು ಶಾರದಾಬಾಯಿ ದಂಟು ಕತ್ತರಿಸತೊಡಗಿದರು. ಕೈತುಂಬ ಮಣ್ಣು, ನೀರು. ಬಗ್ಗಿ ಬಗ್ಗಿ ಸೆರಗು ಸಡಿಲವಾಗಿ, ಕಿವಿಯಿಂದ ಜಾರಿ, ಹೆಗಲಿಗೆ ಬಿತ್ತು.

ಅವರು ಅದನ್ನು ಮೇಲೆಳೆದುಕೊಳ್ಳಲಿಲ್ಲ.

ರಾಯರು ನೋಡಿದರು. ನೆತ್ತಿಯ ತುಂಬ ಬೆಳ್ಳಗಿನ ನವಿರು ಕೂದಲು ಎದ್ದಿತ್ತು, ಬೆರಳಿಗೆ ಸಿಗದಷ್ಟು ಗಿಡ್ಡ. ಎಲ್ಲಿ ನೋಡಬೇಕೆಂದು ತಿಳಿಯದೆ ಅವರು ಹೂವಿನ ಕಡೆ ನೋಡಿದರು, ಬಕೀಟಿನ ಕಡೆ ನೋಡಿದರು, ಮತ್ತೆ ಅಲ್ಲಿಗೇ ನೋಡಿದರು. ಶಾರದಾಬಾಯಿ ತಲೆ ಎತ್ತದೆ ಕೇಳಿದರು.

“ದೇವರಿಗಲ್ಲ, ಮುಡ್ಯಾಕಲ್ಲ. ಇದು ಯಾರಿಗ್ರಿ?”

ಹೀಗೆ ನೇರವಾಗಿ ಕೇಳಿಸಿಕೊಂಡು ಅವರಿಗೆ ರೂಢಿಯಿರಲಿಲ್ಲ. ಗಂಟಲು ಸರಿಪಡಿಸಿಕೊಂಡರು. ಕೈಯಲ್ಲಿ ಪೊಟ್ಟಣವಿಲ್ಲ, ಗೋಡೆಯ ಮಾಡ ಕೂತಲ್ಲಿಂದ ಕೈಗೆಟುಕುವಂತಿಲ್ಲ.

“ನಿನಗ,” ಎಂದರು. ಸ್ವಲ್ಪ ತಡೆದು, “ಶಾರದಾ, ನಿನಗ.”

ಶಾರದಾಬಾಯಿ ಹಣೆ ಮುಟ್ಟಿ ನೋಡಲಿಲ್ಲ. ಒಂದು ಸೇವಂತಿಯ ದಂಟನ್ನು ಅವರ ಕೈಗೆ ಕೊಟ್ಟು, ಎಲ್ಲಿ ಚುಚ್ಚಬೇಕೆಂದು ಬೆರಳಿನಿಂದ ತೋರಿಸಿದರು.

ಈಗ ಆ ಕೋಟಿನ ಎಡಜೇಬಿನಲ್ಲಿ ಗಿಡ್ಡ ಮೂತಿಯ ಕತ್ತರಿಯಿರುತ್ತದೆ. ಮಲ್ಲಿಗೆಯ ಜೊತೆಗೆ ಸೇವಂತಿ ಎಲೆಯ ಕಹಿ ವಾಸನೆಯೂ ಸೇರಿಕೊಂಡಿದೆ. ಮೆಹಬೂಬನ ಪೊಟ್ಟಣ ಇನ್ನೂ ಹನುಮಂತ ದೇವರಿಗೇ ಹೋಗುತ್ತದೆ. ಎಷ್ಟು ಕೂದಲು ಬೆಳೆದರೆ ಮಾಲೆ ನಿಲ್ಲುತ್ತದೆ, ಮಾಡದಲ್ಲಿ ಮತ್ತೆ ಯಾವಾಗ ಇಡಬಹುದು, ಇಟ್ಟರೆ ಸಂತೋಷಪಡುತ್ತಾಳೋ ನೊಂದುಕೊಳ್ಳುತ್ತಾಳೋ, ಒಂದೂ ರಾಯರಿಗೆ ಬಗೆಹರಿದಿಲ್ಲ. ಜೀವಮಾನವೆಲ್ಲ ಪ್ರಶ್ನೆ ಕೇಳಿಯೇ ಬದುಕಿದವರು ಈ ಪ್ರಶ್ನೆಯನ್ನು ಕೇಳಹೋಗಿಲ್ಲ. ಕೈ ಬಿಟ್ಟು ಕಾಯುತ್ತಿದ್ದಾರೆ.

ನಮ್ಮ ಕಡೆ ಇಂಥ ಗಂಡಸರು ಮನೆಗೊಬ್ಬರಂತೆ ಇದ್ದಾರೆ. ಹೊರಗೆ ಊರನ್ನೇ ಕಟಕಟೆಗೆ ಹತ್ತಿಸಿ ಕೇಳುವವರು, ಒಳಗೆ ಕೈಯಲ್ಲೊಂದು ಸಾಮಾನಿಲ್ಲದೆ ಮಾತಾಡಲಾರದವರು. ಹೂವೋ, ಹಣ್ಣೋ, ಸಂತೆಯ ಚೀಲವೋ ಎದೆಗಡ್ಡವಾಗಿ ಹಿಡಿದೇ ಹೊಸ್ತಿಲು ದಾಟುವವರು. ಆ ಸಾಮಾನನ್ನು ಬದುಕು ಕಸಿದುಕೊಂಡ ದಿನ ಅವರು ದಾರಿ ತಪ್ಪಿದವರಂತೆ ತಮ್ಮದೇ ಪಡಸಾಲೆಯಲ್ಲಿ ನಿಂತುಬಿಡುತ್ತಾರೆ, ಅಂಗಡಿ ಅಂಗಡಿ ತಿರುಗಿ ಬದಲಿ ಸಾಮಾನು ಹುಡುಕುತ್ತಾರೆ. ಅವರಲ್ಲಿ ಅದೃಷ್ಟವಂತರಿಗೆ ಮಾತ್ರ, ತಂದ ಸಾಮಾನೆಲ್ಲ ಕೆಟ್ಟುಹೋದ ಒಂದು ಬೆಳಿಗ್ಗೆ, ಬರಿಗೈಯಲ್ಲಿ ಹೆಂಡತಿಯ ಹೆಸರು ಹಿಡಿದು ಕರೆಯುವ ಧೈರ್ಯ ಬರುತ್ತದೆ.